ಕಂದಕದ ನಾಲ್ಕನೆಯ ಬದಿ

ಅಮೆರಿಕದ ಗೈದರ್ಸ್‌ಬರ್ಗ್‌ನ ಆ ಕಚೇರಿಯಲ್ಲಿ ನಾವು ಕೂರುತ್ತಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಇತ್ತು ಎಂದು ಹಿಂದೊಮ್ಮೆ ಬರೆದಿದ್ದೇನೆ. ಕಿಟಕಿಯಾಚೆ ಒಂದು ಮೇಪಲ್ ಮರವನ್ನೂ ಇಟ್ಟಿದ್ದೇನೆ. ಅದು ಸುಳ್ಳು. ಕಾಗದದ ನಕ್ಷೆಗಳಿಗೆ ಬಿಸಿಲು ಆಗದೆಂದು ನಮ್ಮನ್ನು ಕಟ್ಟಡದ ನಟ್ಟನಡುವೆ ಕೂರಿಸಿದ್ದರು. ಮರ ಇದ್ದದ್ದು ಪಾರ್ಕಿಂಗ್ ಲಾಟಿನಲ್ಲಿ. ಬರೆಯುವಾಗ ಅದನ್ನು ಒಳಗೆ ತಂದವಳು ನಾನು.

ತೊಂಬತ್ತರ ದಶಕದ ನಡುವಿನ ವರ್ಷಗಳು. ಇಂಗ್ಲೆಂಡಿನ ಒಂದು ಕಚೇರಿ ತನ್ನ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಲು ಕೊಟ್ಟ ಗುತ್ತಿಗೆ ಎರಡು ಮೂರು ಕೈ ದಾಟಿ ನಮ್ಮ ಚಿಕ್ಕ ಕಂಪನಿಗೆ ಬಂದಿತ್ತು. ನಮ್ಮ ಪಾಲಿಗೆ ಸಿಕ್ಕಿದ್ದು ಕಂದಕದ ಮನೆಗಳು. ಏಳೆಂಟು ನೂರು ವರ್ಷಗಳ ಹಿಂದೆ ಅಲ್ಲಿನ ಸ್ಥಿತಿವಂತ ರೈತರು, ಸಣ್ಣ ಜಮೀನುದಾರರು ತಮ್ಮ ಮನೆ, ಕೊಟ್ಟಿಗೆ, ಹಣ್ಣಿನ ತೋಟದ ಸುತ್ತ ಚೌಕವಾಗಿ ನೆಲ ತೋಡಿ ನೀರು ತುಂಬಿಸಿಕೊಂಡಿದ್ದರು. ಅವು ಕೋಟೆಗಳಲ್ಲ. ಶತ್ರುವನ್ನು ತಡೆಯುವುದಕ್ಕಿಂತ ನೆರೆಯವರಿಗೆ ಕಾಣಲಿ ಎಂದು ತೋಡಿದ್ದೇ ಹೆಚ್ಚಂತೆ. ಮನೆಗಳು ಬಿದ್ದುಹೋಗಿ ಎಷ್ಟೋ ಕಾಲವಾಗಿದೆ. ಈಗ ಉಳಿದಿರುವುದು ನೀರು, ಇಲ್ಲವೇ ನೀರಿದ್ದ ತಗ್ಗು, ನಡುವೆ ಒಂದು ಹುಲ್ಲಿನ ಚೌಕ, ಅದರ ಮೇಲೆ ಮೇಯುವ ದನ. ಅಂಥವುಗಳಲ್ಲಿ ಕೆಲವನ್ನು ಅಲ್ಲಿಯ ಕಾನೂನು ಕಾಪಾಡುತ್ತದೆ. ಕಾಪಾಡುವುದೆಂದರೆ ನಕ್ಷೆಯ ಮೇಲೆ ಸುತ್ತ ಒಂದು ಗೆರೆ. ಗೆರೆಯೊಳಗೆ ಅನುಮತಿಯಿಲ್ಲದೆ ಅಗೆಯುವಂತಿಲ್ಲ, ಕಟ್ಟುವಂತಿಲ್ಲ, ತುಂಬುವಂತಿಲ್ಲ. ಆ ಗೆರೆ ಎಳೆಯುವುದು ನನ್ನ ಕೆಲಸವಾಗಿತ್ತು.

ದೊಡ್ಡ ಇಳಿಜಾರು ಮೇಜಿನ ಮೇಲೆ ನಕ್ಷೆ ಅಂಟಿಸಿ, ಗಾಜಿನೊಳಗೆ ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳಿರುವ ಒಂದು ಉಪಕರಣವನ್ನು ಅಂಗೈಯಲ್ಲಿ ಹಿಡಿದು, ಪ್ರತಿ ತಿರುವಿನಲ್ಲೂ ಒಂದು ಗುಂಡಿ ಒತ್ತಬೇಕು. ಹೊರಟ ಜಾಗಕ್ಕೆ ಮರಳಿ ಬಂದು ಒತ್ತಿದರೆ ಗೆರೆ ಮುಚ್ಚಿಕೊಳ್ಳುತ್ತದೆ. ಹಳೆಯ ಗೆರೆಗಳು ದಪ್ಪ ಪೆನ್ಸಿಲಿನವು, ಬಹಳ ಕಡೆ ಸವೆದಿದ್ದವು. ಅಂಥಲ್ಲಿ ಜೊತೆಗಿದ್ದ ವಿವರಣೆಯ ಹಾಳೆ ಓದಿ, ವಿಮಾನದಿಂದ ತೆಗೆದ ಫೋಟೋ ನೋಡಿ, ಗೆರೆ ಎಲ್ಲಿ ಹೋಗಬೇಕೆಂದು ನಾವೇ ತೀರ್ಮಾನಿಸಬೇಕಿತ್ತು.

ಅಮೆರಿಕಕ್ಕೆ ಬರುವ ಮೊದಲು ನಾನು ಮೈಸೂರಿನಲ್ಲಿ ನಾಲ್ಕು ವರ್ಷ ಗ್ರಾಮನಕ್ಷೆಗಳನ್ನು ಬರೆದವಳು. ಅಲ್ಲಿ ಕಲಿತ ಮೊದಲ ಪಾಠ, ನೆಲದ ಮೇಲೆ ಇಲ್ಲದ್ದನ್ನು ಬರೆಯಬಾರದು. ಕೆರೆ ಮುಚ್ಚಿ ಹೊಲ ಮಾಡಿಕೊಂಡಿದ್ದರೆ ಹೊಸ ನಕ್ಷೆಯಲ್ಲಿ ಅದು ಹೊಲ. ಕೈ ಆ ರೀತಿ ಪಳಗಿತ್ತು.

ನಾನು ಎಳೆದ ಗೆರೆಯನ್ನು ಪರಿಶೀಲಿಸುತ್ತಿದ್ದವರನ್ನು ನಾನು ಅಂಕಲ್ ಎನ್ನುತ್ತಿದ್ದೆ. ಐವತ್ತು ದಾಟಿದವರು, ಶ್ರೀರಂಗಪಟ್ಟಣದ ಸಾಬರ ಮನೆಯವರು. ಕಚೇರಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಪ್ರತಿ ನಕ್ಷೆಯ ಜೊತೆಗೂ ಒಂದು ಹಳದಿ ಚೀಟಿ ಹೋಗುತ್ತಿತ್ತು. ಅದರಲ್ಲಿ ‘ಪರಿಶೀಲಿಸಿದವರು’ ಎಂಬ ಚೌಕದಲ್ಲಿ ಅವರ ಸಹಿ ಇಲ್ಲದೆ ಯಾವ ನಕ್ಷೆಯೂ ಹೊರಗೆ ಹೋಗುವಂತಿರಲಿಲ್ಲ.

“ಇದಕ್ಕೆಲ್ಲಾ ಪ್ರೊಟೆಕ್ಷನ್ನಾ ಅಂಕಲ್?” ಎಂದು ಮೊದಲ ವಾರದಲ್ಲೇ ಕೇಳಿದ್ದೆ. “ಒಂದು ಹಳ್ಳ, ನಾಲ್ಕು ಹಸು.”

“ನಮ್ಮ ಕೋಟೆ ಕಂದಕಕ್ಕೂ ಇತ್ತಮ್ಮ ಪ್ರೊಟೆಕ್ಷನ್ನು. ನೀಲಿ ಬೋರ್ಡು. ಹಾಳು ಮಾಡಿದ್ರೆ ಜೈಲು, ದಂಡ, ಎಲ್ಲಾ ಬರ್ದಿತ್ತು. ಆ ಬೋರ್ಡಿನ ಕಂಬಕ್ಕೇ ನಮ್ಮಜ್ಜಿ ಮೇಕೆ ಕಟ್ತಾ ಇದ್ಲು.”

“ಯಾರೂ ಕೇಳ್ತಿರ್ಲಿಲ್ವಾ?”

“ಕೇಳೋನು ಬಂದಿದ್ದ ಒಂದ್ಸಲ. ಅವನಿಗೊಂದು ಲೋಟ ಹಾಲು ಕೊಟ್ಟು ಕಳಿಸಿದ್ಲು.”

ಅವರ ಮೇಜಿನ ಪಕ್ಕದ ಕ್ಯಾಲೆಂಡರಿನಲ್ಲಿ ನವೆಂಬರ್ ತಿಂಗಳ ಒಂದು ದಿನಕ್ಕೆ ಹಸಿರು ಚುಕ್ಕೆ ಇತ್ತು. ಮಗಳಿಗೆ ಇಪ್ಪತ್ತೊಂದು ತುಂಬುವ ದಿನ. ಅದು ಹಬ್ಬದ ಗುರುತಲ್ಲ. ಕಂಪನಿ ಅವರ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ವರ್ಷಗಳಾಗಿದ್ದವು. ಫೈಲು ಕೊನೆಯ ಹಂತದಲ್ಲಿತ್ತು. ಅರ್ಜಿಯಲ್ಲಿ ಹೆಂಡತಿಯ ಹೆಸರು, ಮಗಳ ಹೆಸರು ಎರಡೂ ಇದ್ದವು. ಆದರೆ ಮಗಳಿಗೆ ಇಪ್ಪತ್ತೊಂದು ಆಗುವ ಮೊದಲು ಕಾರ್ಡು ಬರದಿದ್ದರೆ ಕಾನೂನಿನ ಲೆಕ್ಕದಲ್ಲಿ ಅವಳು ಮಗಳಾಗಿ ಉಳಿಯುವುದಿಲ್ಲ. ತಂದೆಯ ಫೈಲಿನಿಂದ ಅವಳ ಹೆಸರು ಬಿದ್ದುಹೋಗುತ್ತದೆ.

“ಲಾಯರು ಏನಂತಾರೆ ಅಂಕಲ್?”

“ಸೆಪ್ಟೆಂಬರ್ ಅಂತಾನೆ. ಸೆಪ್ಟೆಂಬರ್‌ಗೆ ಬಂದ್ರೆ ಸಾಕು, ಅಲ್ಲಾ ದೊಡ್ಡೋನು. ನಾನು ಕೆಲ್ಸ ಬಿಡಬಾರ್ದು, ಕೆಲ್ಸ ನನ್ನ ಬಿಡಬಾರ್ದು, ಅಷ್ಟೇ.”

ಮಗಳು ಒಮ್ಮೊಮ್ಮೆ ಕಾರಿನ ಕೀಲಿಗೆ ಕಚೇರಿಗೆ ಬರುತ್ತಿದ್ದಳು. ಹದಿಮೂರಕ್ಕೋ ಹದಿನಾಲ್ಕಕ್ಕೋ ಇಲ್ಲಿಗೆ ಬಂದ ಹುಡುಗಿ, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು.

“ಅಬ್ಬಾ, ಕೀಸ್. ಐ ಆಮ್ ಲೇಟ್.” ಅಪ್ಪನ ಮುಂದೆ ಕೈ ಚಾಚುತ್ತಿದ್ದಳು. ಆಮೇಲೆ ನನ್ನ ಮೇಜಿನ ಮೇಲೆ ಬಗ್ಗಿ, “ಆಂಟಿ, ಇನ್ನೂ ಕೆರೆ ಡ್ರಾ ಮಾಡ್ತಿದೀರಾ?”

“ಕೆರೆ ಅಲ್ಲ ಕಣೇ, ಕಂದಕ.”

“ವಾಟೆವರ್ ಆಂಟಿ. ವಾಟರ್ ತಾನೇ?”

ಇಷ್ಟು ನನಗೆ ಖಚಿತವಾಗಿ ನೆನಪಿದೆ. ಖಚಿತವಾಗಿ ಎಂದು ಬರೆದದ್ದನ್ನು ನಂಬಬೇಡಿ. ಅವಳು ಬಂದದ್ದು ಎಷ್ಟು ಸಲ ಎಂದು ಕೇಳಿದರೆ ನಾನು ತಡವರಿಸುತ್ತೇನೆ. ಒಂದೇ ಸಲ ಇದ್ದೀತು.

ಇನ್ನು ಶುಕ್ರವಾರಗಳ ವಿಷಯ. ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಕೊರಿಯರಿನವನು ಬಂದು ಆ ವಾರದ ನಕ್ಷೆಗಳ ಪೆಟ್ಟಿಗೆ ಒಯ್ಯುತ್ತಿದ್ದ. ಅಂದು ಅಂಕಲ್ ಹನ್ನೆರಡೂವರೆಗೇ ಜುಮ್ಮಾ ನಮಾಜಿಗೆ ಹೊರಡುತ್ತಿದ್ದರು. ಮಸೀದಿ ದೂರ, ಹೋಗಿ ಬರುವಷ್ಟರಲ್ಲಿ ಎರಡೂವರೆ. ಕಚೇರಿ ಅದಕ್ಕೆ ಒಪ್ಪಿತ್ತು, ಆ ಹೊತ್ತನ್ನು ಅವರು ಸಂಜೆ ಕೂತು ತುಂಬಿಕೊಡುತ್ತಿದ್ದರು. ಆದರೆ ಅವರು ಹೊರಟ ಮೇಲೆ ನಾನು ಮುಗಿಸುವ ಒಂದೋ ಎರಡೋ ನಕ್ಷೆಗಳಿಗೆ ಸಹಿ ಇರುತ್ತಿರಲಿಲ್ಲ. ಸಹಿ ಇಲ್ಲದಿದ್ದರೆ ಅವು ಮುಂದಿನ ವಾರಕ್ಕೆ ಹೋಗುತ್ತವೆ. ಮುಂದಿನ ವಾರಕ್ಕೆ ಹೋದರೆ ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು ನಿಂತು, ನಗುತ್ತಲೇ, ಏಕೆ ಎಂದು ಕೇಳುತ್ತಿದ್ದಳು.

ಯಾವುದೋ ಒಂದು ಶುಕ್ರವಾರದಿಂದ ಅಂಕಲ್ ಹೊರಡುವ ಮೊದಲು ಎರಡು ಮೂರು ಖಾಲಿ ಹಳದಿ ಚೀಟಿಗಳಿಗೆ ಸಹಿ ಹಾಕಿ ನನ್ನ ಮೇಜಿನ ಅಂಚಿನಲ್ಲಿ, ನನ್ನ ನೀರಿನ ಬಾಟಲಿಯ ಕೆಳಗೆ, ಇಟ್ಟು ಹೋಗತೊಡಗಿದರು. ಸೋಮವಾರ ಬೆಳಿಗ್ಗೆ ಬಂದು ಆ ನಕ್ಷೆಗಳನ್ನು ಪರದೆಯ ಮೇಲೆ ನೋಡುತ್ತಿದ್ದರು. ತಪ್ಪಿದ್ದರೆ ತಿದ್ದಿ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಅದು ಹೇಗೆ ಶುರುವಾಯಿತು ಎನ್ನುವುದೇ ಮುಂದೆ ಪ್ರಶ್ನೆಯಾಯಿತು.

ಏಪ್ರಿಲಿನ ಒಂದು ಶುಕ್ರವಾರ ನನ್ನ ಮೇಜಿಗೆ ಬಂದ ಕಂದಕಕ್ಕೆ ಮೂರೇ ಬದಿ ಇದ್ದವು. ಮೂರರಲ್ಲಿ ನೀರು. ನಾಲ್ಕನೆಯದನ್ನು ಯಾವ ಕಾಲದಲ್ಲೋ ಮಣ್ಣು ತುಂಬಿ ಹೊಲಕ್ಕೆ ಸೇರಿಸಿಕೊಂಡಿದ್ದರು. ಪೆನ್ಸಿಲ್ ಗೆರೆ ಅಲ್ಲಿ ಸವೆದಿತ್ತು. ಫೋಟೋದಲ್ಲಿ ಬೆಳೆ ಅಲ್ಲಿ ಸ್ವಲ್ಪ ಹೆಚ್ಚು ಕಪ್ಪಾಗಿ ಕಾಣುತ್ತಿತ್ತು, ಅಷ್ಟೇ. ನಾನು ಮೂರು ಬದಿಯ ಹೊರಗಿನಿಂದ ಬಂದು, ನಾಲ್ಕನೆಯ ಕಡೆ ಹುಲ್ಲಿನ ಚೌಕದ ಅಂಚಿನಲ್ಲೇ ನೇರವಾಗಿ ಎಳೆದು, ಮುಚ್ಚಿದೆ. ಹೊಲವನ್ನು ಹೊಲವೆಂದು ಹೊರಗಿಟ್ಟೆ. ನಿಯಮದ ಹಾಳೆಯಲ್ಲಿ ಸ್ಪಷ್ಟವಾಗಿತ್ತು, ತುಂಬಿಹೋದ ಬದಿಗಳೂ ಗೆರೆಯೊಳಗೇ ಇರಬೇಕು. ಅದನ್ನು ನಾನು ಓದಿದ್ದೆ. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಟಲಿಯ ಕೆಳಗಿನಿಂದ ಒಂದು ಚೀಟಿ ಎಳೆದು ನಕ್ಷೆಗೆ ಲಗತ್ತಿಸಿದೆ.

ಆ ಸೋಮವಾರ ಅಂಕಲ್ ಬರಲಿಲ್ಲ. ಫೈಲಿನ ಕೆಲಸಕ್ಕೆ ಹೆಂಡತಿ ಮಗಳನ್ನು ಕರೆದುಕೊಂಡು ವೈದ್ಯಕೀಯ ತಪಾಸಣೆಗೆ ಹೋಗಿದ್ದರು. ಮಂಗಳವಾರ ಹೊಸ ಪೆಟ್ಟಿಗೆ ಬಂದಿತ್ತು. ಆ ನಕ್ಷೆಯನ್ನು ಯಾರೂ ಮತ್ತೆ ನೋಡಲಿಲ್ಲ.

ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಪತ್ರ ಬಂತು. ಆ ಜಮೀನಿನ ರೈತ ಟ್ರ್ಯಾಕ್ಟರು ನಿಲ್ಲಿಸುವ ಶೆಡ್ಡು ಕಟ್ಟಲು ಹೊರಟು, ಮೊದಲು ಕಚೇರಿಯಲ್ಲಿ ವಿಚಾರಿಸಿದ್ದ. ಅವರು ಹೊಸ ನಕ್ಷೆ ತೆಗೆದು ನೋಡಿ, ಗೆರೆಯ ಹೊರಗಿದೆ, ಕಟ್ಟಿಕೊಳ್ಳಿ ಎಂದಿದ್ದರು. ಅವನು ಅಡಿಪಾಯ ತೋಡಿದ. ಕಪ್ಪು ಕೆಸರು ಮೇಲೆ ಬಂತು, ಕೆಸರಿನಲ್ಲಿ ಹಳೆಯ ಸೇತುವೆಯ ತೊಲೆಗಳು, ಬುಟ್ಟಿಯ ಚೂರು, ಒಂದು ಚರ್ಮದ ಜೋಡು. ಗಾಳಿಯಾಡದ ಕೆಸರಿನಲ್ಲಿ ಮರ, ಚರ್ಮ, ಬೀಜ ಕೊಳೆಯದೆ ಉಳಿಯುತ್ತವಂತೆ. ತುಂಬಿಹೋದ ಬದಿಯನ್ನು ಕಾಪಾಡುವುದು ಅದಕ್ಕೇ. ಯಾರಾದರೂ ಬಂದು ನೋಡುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ತೊಲೆಗಳನ್ನು ಯಂತ್ರ ತುಂಡರಿಸಿತ್ತು. ಪತ್ರದ ಜೊತೆ ಫೋಟೋಗಳಿದ್ದವು. ಆ ಜೋಡು ಮಗುವಿನದು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಫೋಟೋದಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇಟ್ಟಿದ್ದರು. ಅದು ದೊಡ್ಡವರದು.

ಮ್ಯಾನೇಜರ್ ನಮ್ಮಿಬ್ಬರನ್ನೂ ತನ್ನ ಕೋಣೆಗೆ ಕರೆದಳು. ಅಮೆರಿಕದವಳು, ದನಿ ಏರಿಸದವಳು. ಮುಂದೆ ಹಳದಿ ಚೀಟಿ ಇತ್ತು, ಪಕ್ಕದಲ್ಲಿ ಎರಡು ಮುದ್ರಿತ ಹಾಳೆ. ಒಂದರಲ್ಲಿ ನಕ್ಷೆ ಮುಗಿದ ಹೊತ್ತು, ಒಂದು ಇಪ್ಪತ್ತು. ಇನ್ನೊಂದರಲ್ಲಿ ಬಾಗಿಲಿನ ಕಾರ್ಡಿನ ಲೆಕ್ಕ, ಅಂಕಲ್ ಆ ದಿನ ಹೊರಗೆ ಹೋದದ್ದು ಹನ್ನೆರಡೂವರೆ, ಒಳಗೆ ಬಂದದ್ದು ಎರಡು ಮೂವತ್ತೈದು.

“ಈ ಸಹಿ ಮೊದಲೇ ಹಾಕಿಟ್ಟದ್ದೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಹೌದು,” ಎಂದರು ಅಂಕಲ್.

ಆಗ ಅವಳು ನಿಧಾನವಾಗಿ ಒಂದು ವಿಷಯ ವಿವರಿಸಿದಳು. ಅದು ಬೆದರಿಕೆಯಾಗಿರಲಿಲ್ಲ, ದಾರಿ ತೋರಿಸುವ ಹಾಗಿತ್ತು. ಎರಡು ಗಂಟೆಯ ಪೆಟ್ಟಿಗೆಯ ಒತ್ತಡಕ್ಕೆ ಗೆರೆ ಎಳೆಯುವವರು ಕೇಳಿಕೊಂಡು, ಪರಿಶೀಲಕರು ಒಪ್ಪಿದ್ದರೆ, ಅದು ಕಚೇರಿಯ ಪದ್ಧತಿಯ ತಪ್ಪು, ಇಬ್ಬರಿಗೂ ಎಚ್ಚರಿಕೆಯ ಪತ್ರ ಕೊಟ್ಟು ಮುಗಿಸಬಹುದು. ಪರಿಶೀಲಕರೇ ತಾವಾಗಿ ಖಾಲಿ ಚೀಟಿಗೆ ಸಹಿ ಹಾಕಿ ಎದ್ದು ಹೋಗಿದ್ದರೆ ಅದು ಮೋಸ, ಅದಕ್ಕೆ ಒಂದೇ ಶಿಕ್ಷೆ. ಆಮೇಲೆ ನನ್ನ ಕಡೆ ತಿರುಗಿದಳು.

“ಇದು ಯಾರ ಯೋಚನೆ?”

“ನನಗೆ ನೆನಪಿಲ್ಲ,” ಎಂದೆ.

ಅವಳು ಆ ಎರಡು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು. ಮತ್ತೆ ಅಂಕಲ್ ಕಡೆ ನೋಡಿ, “ನೀವು ಏನಾದರೂ ಸೇರಿಸುವುದಿದೆಯೇ?” ಎಂದಳು.

“ಇಲ್ಲ.”

ಮೂವರೂ ಎದ್ದೆವು. ನನಗೆ ಏನೂ ಅನ್ನಿಸಲಿಲ್ಲ. ಕಾಲು ಜೋಮು ಹಿಡಿದಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಕಾಲಿಗೆ ಏನೂ ಆಗಿರಲಿಲ್ಲ. ನನ್ನ ಮೇಜಿಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ನಕ್ಷೆಯನ್ನು ಮುಗಿಸಿದೆ. ಅದರ ನಾಲ್ಕೂ ಬದಿಯಲ್ಲಿ ನೀರಿತ್ತು.

ಆ ಪ್ರಶ್ನೆಗೆ ಉತ್ತರವನ್ನು ಆಮೇಲೆ ಮೂರು ಥರ ನೆನೆಸಿಕೊಂಡಿದ್ದೇನೆ. ಒಂದರಲ್ಲಿ ಅಂಕಲ್ ಕೋಟು ಹಾಕಿಕೊಳ್ಳುತ್ತಾ, “ತಗೋಮ್ಮ, ಇವು ಇರ್ಲಿ,” ಎಂದು ಚೀಟಿ ಕೊಡುತ್ತಾರೆ. ಇನ್ನೊಂದರಲ್ಲಿ ನಾನೇ, “ಅಂಕಲ್, ಒಂದೆರಡು ಸೈನ್ ಮಾಡಿಟ್ಟು ಹೋಗಿ, ಅವಳು ಬಂದು ತಲೆ ತಿಂತಾಳೆ,” ಎನ್ನುತ್ತೇನೆ. ಮೂರನೆಯದರಲ್ಲಿ ಯಾರೂ ಮಾತಾಡುವುದಿಲ್ಲ, ಚೀಟಿಗಳು ಬಾಟಲಿಯ ಕೆಳಗೆ ಸುಮ್ಮನೆ ಇರುತ್ತವೆ. ಮೂರರಲ್ಲೂ ಬೆಳಕು ಒಂದೇ, ಕೋಟು ಒಂದೇ. ಮೊದಲನೆಯದರಲ್ಲಿ ಕಿಟಕಿ ಇದೆ. ಹಾಗಾಗಿ ಅದನ್ನು ತೆಗೆದುಹಾಕಿದ್ದೇನೆ. ಉಳಿದ ಎರಡರಲ್ಲಿ ಆರಿಸಬೇಕಾದ ದಿನ ಆ ಕೋಣೆಯಲ್ಲಿ ನಾನು ಆರಿಸಲಿಲ್ಲ.

ಅಂಕಲ್‌ಗೆ ಎರಡು ವಾರದ ನೋಟಿಸು ಸಿಕ್ಕಿತು. ಕೆಲಸದ ಜೊತೆ ಫೈಲೂ ಬಿತ್ತು. ಲಾಯರು ಅಂದದ್ದು ಸರಿ ಇತ್ತು, ಸೆಪ್ಟೆಂಬರಿನಲ್ಲಿ ಅವರ ಸರದಿ ಬಂದಿತ್ತು. ಆ ಹೊತ್ತಿಗೆ ಅವರು ಅಲ್ಲಿರಲಿಲ್ಲ. ಕೊನೆಯ ದಿನ ಅವರು ಕ್ಯಾಲೆಂಡರನ್ನು ಗೋಡೆಯಲ್ಲೇ ಬಿಟ್ಟು, ಟೀ ಫ್ಲಾಸ್ಕು, ಭೂತಗನ್ನಡಿ ಎತ್ತಿಕೊಂಡರು.

“ಅಟ್ಲಾಂಟಾದಲ್ಲಿ ನಮ್ಮ ಭಾವಮೈದ ಇದಾನೆ. ಚರಂಡಿ ಪೈಪಿನ ನಕ್ಷೆ ಮಾಡೋ ಕೆಲ್ಸ ಇದೆಯಂತೆ,” ಎಂದರು. “ಕಂದಕದಿಂದ ಚರಂಡಿಗೆ, ನೋಡಮ್ಮ.”

“ಫೈಲು?”

“ಮೊದ್ಲಿಂದ.”

ನಾನು ಅವರ ಪೆಟ್ಟಿಗೆಯನ್ನು ಕಾರಿನವರೆಗೆ ಹೊತ್ತೆ. ಮೇಪಲ್ ಮರ ಅಲ್ಲಿತ್ತು.

ಅಕ್ಟೋಬರಿನಲ್ಲಿ ಆ ನಕ್ಷೆಯನ್ನು ತಿದ್ದಲು ನನಗೇ ಕೊಟ್ಟರು. ನಾಲ್ಕನೆಯ ಬದಿಯನ್ನು ಗೆರೆಯೊಳಗೆ ತಂದೆ. ಅದರೊಳಗೆ ಈಗ ಒಂದು ಶೆಡ್ಡಿನ ಅಡಿಪಾಯ ಇತ್ತು. ಅದನ್ನೂ ಸೇರಿಸಿ ಮುಚ್ಚಬೇಕೆಂದು ಸೂಚನೆಯಿತ್ತು, ಕೆಳಗೆ ಇನ್ನೂ ಏನಾದರೂ ಉಳಿದಿರಬಹುದು ಎಂದು. ಹಳದಿ ಚೀಟಿಯಲ್ಲಿ ಪರಿಶೀಲಿಸಿದವರ ಚೌಕಕ್ಕೆ ಸಹಿ ಹಾಕಿದವಳೂ ನಾನೇ. ಅಷ್ಟರಲ್ಲಿ ಆ ಕೆಲಸವನ್ನು ನನಗೆ ವಹಿಸಿದ್ದರು. ನವೆಂಬರಿನಲ್ಲಿ ಹಸಿರು ಚುಕ್ಕೆಯ ದಿನ ಬಂತು, ಹೋಯಿತು. ಕ್ಯಾಲೆಂಡರ್ ನನ್ನ ಪಕ್ಕದಲ್ಲೇ ಇತ್ತು.

ಮುಂದಿನ ವರ್ಷದ ಮಾರ್ಚಿನಲ್ಲಿ ಎರಡು ದಿನ ರಜೆ ಹಾಕಿ ಅಟ್ಲಾಂಟಾಕ್ಕೆ ಡ್ರೈವ್ ಮಾಡಿದೆ. ಒಂದು ವಾಕ್ಯ ಹೇಳಲಿಕ್ಕೆ ಹೊರಟಿದ್ದೆ. ವರ್ಜೀನಿಯ ದಾಟಿ, ನಾರ್ತ್ ಕ್ಯಾರೊಲಿನಾದ ಒಂದು ಮೋಟೆಲಿನಲ್ಲಿ ಮಲಗಿ, ಬೆಳಿಗ್ಗೆ ಬೇಗ ಎದ್ದು ಮತ್ತೆ ಹೊರಟೆ. ವಾಕ್ಯವನ್ನು ದಾರಿಯುದ್ದಕ್ಕೂ ಹೇಳಿಕೊಂಡೆ. “ಅಂಕಲ್, ಅವತ್ತು ನಾನು ನನ್ನ ಯೋಚನೆ ಅಂತ ಹೇಳ್ಬೇಕಿತ್ತು.” ನೆನಪಿದ್ದರೂ ಇಲ್ಲದಿದ್ದರೂ ಹೇಳಬೇಕಿತ್ತು ಎಂಬುದು ಅದರ ಅರ್ಥ. ಸೌತ್ ಕ್ಯಾರೊಲಿನಾದಲ್ಲಿ ಹೆದ್ದಾರಿಯ ಪಕ್ಕ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕು ಬಂತು. ರಸ್ತೆಗೆ ಕಡಿದ ದಿಬ್ಬಗಳಲ್ಲಿ ಮಣ್ಣು ಕೆಂಪಗಿತ್ತು. ಕೆಂಪು ಮಣ್ಣು ಕಂಡು ಊರು ನೆನಪಾಯಿತು ಎಂದು ಇಲ್ಲಿ ಬರೆಯಬೇಕು. ಆಗಲಿಲ್ಲ.

ನಾನು ತಲುಪಿದ್ದು ಶನಿವಾರ ಬೆಳಿಗ್ಗೆ ಹತ್ತರ ಸುಮಾರಿಗೆ. ಎರಡು ಕೋಣೆಯ ಅಪಾರ್ಟ್‌ಮೆಂಟು. ಬಾಗಿಲು ತೆಗೆದದ್ದು ಆಂಟಿ, ಅಂಕಲ್ ಹೆಂಡತಿ. “ಬನ್ನಿ, ಕೂತ್ಕೊಳ್ಳಿ, ಊಟ ಮಾಡ್ಕೊಂಡೇ ಹೋಗ್ಬೇಕು,” ಎಂದು ಹೇಳಿ ಒಳಗೆ ಹೋದರು. ಮತ್ತೆ ಹೊರಗೆ ಬಂದು ಕೂರಲಿಲ್ಲ. ತೆರೆದಿದ್ದ ಕೋಣೆಯೊಂದರಲ್ಲಿ ಹೊಲಿಗೆ ಯಂತ್ರ ಕಾಣುತ್ತಿತ್ತು, ಪಕ್ಕದಲ್ಲಿ ಹಗ್ಗ ಕಟ್ಟಿದ ನರ್ಸಿಂಗ್ ಪುಸ್ತಕಗಳ ಕಟ್ಟು. ಮಗಳು ಜನವರಿಯಲ್ಲೇ ಮೈಸೂರಿಗೆ ಹೋಗಿದ್ದಳು, ತಾಯಿಯ ತಂಗಿಯ ಮನೆಗೆ. ವಿದ್ಯಾರ್ಥಿ ವೀಸಾಕ್ಕೆ ಪ್ರಯತ್ನಿಸಿದ್ದರು, ಆಗಿರಲಿಲ್ಲ. ಅಲ್ಲಿಯ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಮತ್ತೆ ಸೇರಬೇಕಂತೆ.

ಅಂಕಲ್ ಕಿತ್ತಳೆ ಹಣ್ಣು ಸುಲಿಯುತ್ತಾ ಎದುರಿಗೆ ಕೂತರು. ತೂಕ ಇಳಿದಿತ್ತೋ ಇಲ್ಲವೋ, ಹೇಳಲಾರೆ.

ನಾನು ಹೇಳಬೇಕೆಂದಿದ್ದ ವಾಕ್ಯ ಬರಲಿಲ್ಲ. ಬದಲಿಗೆ ಪ್ರಶ್ನೆ ಬಂತು. “ಅಂಕಲ್, ಆ ಚೀಟಿ ಸೈನ್ ಮಾಡಿಡೋದು... ಅದನ್ನ ಶುರು ಮಾಡಿದ್ದು ಯಾರು?”

ಅವರು ಸಿಪ್ಪೆಯಿಂದ ಕಣ್ಣೆತ್ತಲಿಲ್ಲ. “ನೀನೇ ಕೇಳಿದ್ಯಮ್ಮ. ರಂಜಾನ್ ಮುಗಿದ ಮೇಲಿನ ಮೊದಲ್ನೇ ಶುಕ್ರವಾರ. ನಾನು ಶಾವಿಗೆ ತಂದಿದ್ದೆ. ನೀನು ತಿಂತಾ ತಿಂತಾ ಕೇಳ್ದೆ, ಒಂದೆರಡು ಸೈನ್ ಮಾಡಿಟ್ಟು ಹೋಗಿ ಅಂತ. ಯಾಕೆ?”

ನನ್ನ ಮೂರು ನೆನಪುಗಳಲ್ಲಿ ಒಂದರಲ್ಲೂ ಶಾವಿಗೆ ಇರಲಿಲ್ಲ.

“ಅವತ್ತು ಮ್ಯಾನೇಜರ್ ಮುಂದೆ ನೀವು ಹೇಳ್ಬಹುದಿತ್ತಲ್ಲ.”

“ಹೆಂಗೆ ಹೇಳ್ಲಿ? ನೀನು ನೆನಪಿಲ್ಲ ಅಂದ್ಬಿಟ್ಟೆ. ಅದರ ಮೇಲೆ ನಾನು ಬಾಯಿ ತೆಗೆದ್ರೆ ನಿನ್ನ ಸುಳ್ಳುಗಾತಿ ಮಾಡ್ದಂಗೆ ಆಗ್ತಿತ್ತು.” ತೊಳೆಗಳನ್ನು ಬಿಡಿಸಿ ತಟ್ಟೆಯಲ್ಲಿಟ್ಟು ನನ್ನ ಕಡೆ ಸರಿಸಿದರು. “ನಿಂಗೆ ನೆನಪು ಬರತ್ತೆ ಅಂತ ಎರಡು ವಾರ ಕಾದೆ. ಬರ್ಲಿಲ್ಲ. ಬಿಡು. ತಗೋ, ಸಿಹಿಯಾಗಿದೆ.”

ಅವರ ದನಿಯಲ್ಲಿ ಸಿಟ್ಟನ್ನು ಹುಡುಕಿದೆ. ಇರಲಿಲ್ಲ ಎಂದು ಬರೆದರೆ ನನಗೇ ಅನುಕೂಲ, ಹಾಗಾಗಿ ಬರೆಯುವುದಿಲ್ಲ. ಹೇಳಬೇಕಿದ್ದ ವಾಕ್ಯ ಈಗ ಬೇಡವಾಗಿತ್ತು. ಅದು ಒಳ್ಳೆಯತನದ ವಾಕ್ಯವಾಗಿತ್ತು. ಈಗ ಹೇಳಿದರೆ ಬರೀ ನಿಜವಾಗುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು ಮತ್ತೆ ಶುರುವಾಯಿತು.

ಅಷ್ಟರಲ್ಲಿ ಅಂಕಲ್ ಗಡಿಯಾರ ನೋಡಿದರು. ಶನಿವಾರ ಈ ಹೊತ್ತಿಗೆ ಮಗಳಿಗೆ ಫೋನು. ಫೋನ್ ಕಾರ್ಡಿನ ಹಿಂದಿದ್ದ ಉದ್ದನೆಯ ನಂಬರನ್ನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ಒತ್ತಿದರು. ಉರ್ದುವಿನಲ್ಲಿ ಎರಡು ಮಾತಾಡಿ, ಯಾರು ಬಂದಿದಾರೆ ನೋಡು ಎಂದು ಫೋನನ್ನು ನನಗೆ ಕೊಟ್ಟರು.

“ಆಂಟಿ! ಹೌ ಆರ್ ಯೂ?” ಹಿಂದೆ ಯಾವುದೋ ಸ್ಕೂಟರಿನ ಸದ್ದು. “ಇನ್ನೂ ಕೆರೆ ಡ್ರಾ ಮಾಡ್ತಿದೀರಾ?”

“ಹ್ಞೂಂ,” ಎಂದೆ. “ಮಾಡ್ತಿದೀನಿ.”

ಲೈನಿನಲ್ಲಿ ಮಾತು ತಡವಾಗಿ ತಲುಪುತ್ತಿತ್ತು. ನಾನು ಫೋನನ್ನು ಅಂಕಲ್ ಕೈಗೆ ಕೊಡುವಾಗ ಅವಳ ನಗು ಬಂತು, ಅದು ಯಾವ ಮಾತಿಗೆ ಎಂದು ಗೊತ್ತಾಗಲಿಲ್ಲ. ಅವರು ಬೆನ್ನು ತಿರುಗಿಸಿ ಅವಳ ಜೊತೆ ಮಾತಾಡುತ್ತಿದ್ದರು. ನನ್ನ ಮುಂದೆ ತಟ್ಟೆ ಇತ್ತು. ಒಂದೊಂದೇ ತೊಳೆ ತೆಗೆದುಕೊಂಡು, ಮುಗಿಯುವವರೆಗೆ ತಿಂದೆ.